ಬೆಳ್ಳಾರೆಯ ಖಜಾನೆ, ಬೋಸ್ಟನ್ನಿನ ಚಹಾ, ನಮ್ಮೂರಿನ ಕ್ಯೂಆರ್ ಕೋಡ್

2025ರ ಜುಲೈ ಕೊನೆಯಲ್ಲಿ ಊರಿಗೆ ಹೋಗಿದ್ದೆ. ಊರು ಅಂದರೆ ಇಚಿಲಂಪಾಡಿ. ಮೊದಲು ಪುತ್ತೂರು ತಾಲೂಕು, ಈಗ ಕಡಬ ತಾಲೂಕು. ಆಟಿ ತಿಂಗಳ ಮಳೆ. ಅಡಿಕೆಗೆ ಎರಡನೇ ಮದ್ದು ಬಿಡಲು ಒಂದು ದಿನದ ಬಿಸಿಲು ಸಿಗದೆ ಅಪ್ಪ ಚಡಪಡಿಸುತ್ತಿದ್ದರು. ಸಂಜೆ ಅಂಗಡಿಗೆ ಹೋಗಿ ಬ್ರೆಡ್ಡು, ಬೆಂಕಿಪೆಟ್ಟಿಗೆ ತೆಗೆದುಕೊಂಡು ಮೊಬೈಲ್ ಎತ್ತಿದೆ. ಗಾಜಿನ ಭರಣಿಗಳ ಮುಂದೆ ಯಾವಾಗಲೂ ಇರುತ್ತಿದ್ದ ಕ್ಯೂಆರ್ ಕೋಡ್ ಕಾಣಲಿಲ್ಲ.

‘ಸ್ಕ್ಯಾನ್ ಇಲ್ಲ ಮಾರಾಯ. ಕ್ಯಾಶ್ ಉಂಟಾ?’ ಅಂದರು ಅಂಗಡಿಯ ಅಣ್ಣ.

‘ನಿಮಗೂ ನೋಟಿಸ್ ಬಂತಾ ಅಣ್ಣ?’

‘ನಂಗೆ ಬರ್ಲಿಲ್ಲ. ಬೆಂಗಳೂರಲ್ಲಿ ಬೇಕರಿಯವರಿಗೆಲ್ಲ ಬಂತಂತೆ. ಬರುವ ಮೊದ್ಲೇ ತೆಗ್ದಿಟ್ಟದ್ದು.’ ಚಿಲ್ಲರೆ ಎಣಿಸುತ್ತಾ ಮುಂದುವರಿಸಿದರು: ‘ಅಲ್ಲ ಮಾರಾಯ, ಕಲ್ಯಾಣಪ್ಪನ ಕಾಟಕಾಯಿ ಆದದ್ದು ಇದಕ್ಕೇ ಅಲ್ವಾ? ಬ್ರಿಟಿಷರಿಗೇ ಹೆದರದವರು ನಾವು.’

ನಾನು ನಕ್ಕು ಬಂದೆ. ಆದರೆ ಆ ಮಾತು ತಲೆಯಿಂದ ಹೋಗಲಿಲ್ಲ. ಸ್ವಾತಂತ್ರ್ಯ ದಿನ ಹತ್ತಿರ ಬಂದಿತ್ತು. ತೆರಿಗೆಯ ವಿರುದ್ಧ ಎದ್ದು ನಿಂತವರನ್ನೇ ನಾವು ಬಹಳಷ್ಟು ಕಡೆ ಸ್ವಾತಂತ್ರ್ಯ ಹೋರಾಟಗಾರರು ಎಂದು ನೆನೆಯುವುದು. ಹಾಗಿದ್ದರೆ ಇವತ್ತು ತೆರಿಗೆ ತಪ್ಪಿಸಿಕೊಳ್ಳುವವನು ಅವರ ವಾರಸುದಾರನಾ? ಅಂಗಡಿಯ ಅಣ್ಣ ಹೇಳಿದ್ದು ಅರ್ಧ ಸರಿ, ಅರ್ಧ ತಪ್ಪು ಅಂತ ನನಗೆ ಅನಿಸುತ್ತದೆ. ಸರಿ ಇರುವ ಅರ್ಧವನ್ನು ಸರ್ಕಾರ ಕೇಳಿಸಿಕೊಳ್ಳುತ್ತಿಲ್ಲ. ತಪ್ಪಿರುವ ಅರ್ಧವನ್ನು ನಾವು ಒಪ್ಪಿಕೊಳ್ಳುತ್ತಿಲ್ಲ.

1837ರಲ್ಲಿ ಆದದ್ದೇನು?

1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿತು. ಅಲ್ಲಿಯವರೆಗೆ ಕೊಡಗಿನ ಅರಸರಿಗೆ ಸೇರಿದ್ದ ಘಟ್ಟದ ಕೆಳಗಿನ ಅಮರ ಸುಳ್ಯ, ಪುತ್ತೂರು ಭಾಗದ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಇದರೊಂದಿಗೆ ಒಂದು ಬದಲಾವಣೆ ಬಂತು. ಅರಸರ ಕಾಲದಲ್ಲಿ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಇನ್ನು ಮುಂದೆ ನಗದಾಗಿ ಕೊಡಬೇಕು ಎಂದಾಯಿತು.

ಕೇಳಲು ಸಣ್ಣ ವಿಷಯ. ಕೊಡುವುದು ಅದೇ ಕಂದಾಯ, ರೂಪ ಮಾತ್ರ ಬೇರೆ. ಆದರೆ ಕೃಷಿ ಮಾಡುವವರಿಗೆ ಇದರ ಅರ್ಥ ಗೊತ್ತು. ಬೆಳೆಯಲ್ಲಿ ಕೊಡುವಾಗ ಧಾರಣೆ ಬಿದ್ದರೆ ನಷ್ಟದಲ್ಲಿ ಅರಸನಿಗೂ ಪಾಲು. ನಗದಿನಲ್ಲಿ ಕೊಡುವಾಗ ಪೂರ್ತಿ ನಷ್ಟ ಬೆಳೆದವನದ್ದೇ. ಕಿಸ್ತು ಕಟ್ಟುವ ದಿನ ಎಲ್ಲರೂ ಒಟ್ಟಿಗೆ ಮಾರಲು ಹೊರಟರೆ ಧಾರಣೆ ಬೀಳುತ್ತದೆ, ಆಗ ಸಾಲ ಕೊಡುವವನ ಮನೆ ಬಾಗಿಲಿಗೆ ಹೋಗಬೇಕು. ಅಪಾಯ ಆಳುವವನ ಹೆಗಲಿಂದ ಇಳಿದು ರೈತನ ಹೆಗಲಿಗೆ ಬಂತು. ಮೇಲಿಂದ ಆದ ಆ ತೀರ್ಮಾನಕ್ಕೆ ರೈತನನ್ನು ಯಾರೂ ಕೇಳಲಿಲ್ಲ.

1837ರ ಮಾರ್ಚ್ 30ರಂದು ಕೆದಂಬಾಡಿ ರಾಮಯ್ಯ ಗೌಡರ ನೇತೃತ್ವದಲ್ಲಿ ಹೊರಟ ಪಡೆ ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡಿತು. ಹಾಲೇರಿ ವಂಶದ ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ ಮುಂದೆ ನಿಂತವನು ಪುಟ್ಟಬಸಪ್ಪ ಎಂಬ ರೈತಾಪಿ ಯುವಕ. ಪುತ್ತೂರು, ಬಂಟ್ವಾಳ ದಾಟಿ ಏಪ್ರಿಲ್ 5ಕ್ಕೆ ಮಂಗಳೂರು ಅವರ ಕೈಗೆ ಬಂತು. ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಹಾರಿಸಿದರು ಎಂದು ಊರಿನ ನೆನಪು. ಹದಿಮೂರು ದಿನ ಆಳಿದರು. ಅವರ ನಿರೂಪಗಳಲ್ಲಿ ಕಂದಾಯದ ರಿಯಾಯಿತಿ ಇತ್ತು. ಉಪ್ಪು ಮತ್ತು ಹೊಗೆಸೊಪ್ಪಿನ ಮೇಲಿನ ಕಂಪೆನಿಯ ಏಕಸ್ವಾಮ್ಯ ತೆಗೆದುಹಾಕುವ ಮಾತಿತ್ತು. ಆಮೇಲೆ ಕಂಪೆನಿಯ ಸೇನೆ ಬಂತು. ಪುಟ್ಟಬಸಪ್ಪನನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ, ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. 1857ಕ್ಕೆ ಇನ್ನೂ ಇಪ್ಪತ್ತು ವರ್ಷ ಬಾಕಿ ಇತ್ತು.

ಇದಕ್ಕೂ ಮುಂಚೆ, 1830-31ರಲ್ಲಿ, ಕೆನರಾದ ರೈತರು ಅಲ್ಲಲ್ಲಿ ‘ಕೂಟ’ ಸೇರಿ, ಈ ಧಾರಣೆಯಲ್ಲಿ ಇಷ್ಟು ಕಂದಾಯ ಕಟ್ಟಲು ಆಗುವುದಿಲ್ಲ ಎಂದು ಬಹಿರಂಗವಾಗಿಯೇ ಹೇಳಿದ್ದರು. ಎರಡರಲ್ಲೂ ಒಂದು ಸಾಮ್ಯ ಇದೆ. ‘ತೆರಿಗೆಯೇ ಬೇಡ’ ಎಂದು ಅವರ್ಯಾರೂ ಹೇಳಲಿಲ್ಲ. ಎಷ್ಟು, ಯಾವ ರೂಪದಲ್ಲಿ, ಯಾರನ್ನು ಕೇಳಿ ಎಂಬುದೇ ಅವರ ಪ್ರಶ್ನೆಯಾಗಿತ್ತು.

ಇದನ್ನು ಪೂರ್ತಿ ಹೊಳಪು ಹಚ್ಚಿ ಹೇಳುವುದೂ ಬೇಡ. ಅಮರ ಸುಳ್ಯದವರು ಕೇಳಿದ್ದು ಪ್ರಜಾಪ್ರಭುತ್ವವನ್ನಲ್ಲ, ಹಾಲೇರಿ ಅರಸೊತ್ತಿಗೆಯನ್ನು. ಮುಂಚೂಣಿಯಲ್ಲಿ ಇದ್ದವರು ಬಹುಪಾಲು ಜಮೀನು ಇದ್ದವರು. ಅವರ ಗದ್ದೆಯಲ್ಲಿ ದುಡಿದವರು, ಗೇಣಿ ಕೊಡುತ್ತಿದ್ದ ಒಕ್ಕಲುಗಳು ಈ ಕಥೆಯಲ್ಲಿ ಹೆಸರಿಲ್ಲದೆ ಬರುತ್ತಾರೆ. ಅವರ ಹಕ್ಕಿನ ಪ್ರಶ್ನೆ ಬಗೆಹರಿಯಲು 1974ರ ಭೂಸುಧಾರಣೆ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ಅದೇ ಕಂಪೆನಿ, ಬೇರೆ ಬಂದರು

ತೆರಿಗೆ ಮತ್ತು ಕ್ರಾಂತಿ ಅಂದ ತಕ್ಷಣ ಜಗತ್ತಿಗೆ ನೆನಪಾಗುವುದು ಬೆಳ್ಳಾರೆಯಲ್ಲ, ಬೋಸ್ಟನ್. 1773ರ ಡಿಸೆಂಬರ್ 16ರ ರಾತ್ರಿ ಅಲ್ಲಿನ ಬಂದರಿನಲ್ಲಿ 342 ಪೆಟ್ಟಿಗೆ ಚಹಾವನ್ನು ಸಮುದ್ರಕ್ಕೆ ಎಸೆದರು. ಆ ಚಹಾ ಇದೇ ಈಸ್ಟ್ ಇಂಡಿಯಾ ಕಂಪೆನಿಯದ್ದು. ಬೋಸ್ಟನ್ನಿನವರಿಗೂ ಸುಳ್ಯದವರಿಗೂ ಎದುರಾಳಿ ಒಬ್ಬನೇ ಆಗಿದ್ದ.

ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಒಂದುಂಟು. 1773ರ ಚಹಾ ಕಾಯ್ದೆಯಿಂದ ಚಹಾ ದುಬಾರಿಯಾಗಲಿಲ್ಲ, ಅಗ್ಗವಾಗುವುದಿತ್ತು. ಕಂಪೆನಿಗೆ ನೇರವಾಗಿ ಮಾರಲು ಅವಕಾಶ ಸಿಕ್ಕಿ, ಸುಂಕ ಸೇರಿಸಿದ ಮೇಲೂ ಅದರ ಚಹಾ ಕಳ್ಳಸಾಗಣೆಯ ಚಹಾಕ್ಕಿಂತ ಕಡಿಮೆ ಬೆಲೆಗೆ ಬರುವ ಹಾಗಿತ್ತು. ಹಾಗಾದರೆ ಸಿಟ್ಟು ಯಾಕೆ? ಒಂದು ಕಾರಣ ತತ್ವದ್ದು: ನಮ್ಮ ಪ್ರತಿನಿಧಿಯೇ ಇಲ್ಲದ ಸಂಸತ್ತು ನಮ್ಮ ಮೇಲೆ ಸುಂಕ ಹಾಕುವುದು ಹೇಗೆ? ಇನ್ನೊಂದು ಕಾರಣ ಲಾಭದ್ದು: ಸುಂಕ ತಪ್ಪಿಸಿ ಚಹಾ ತರಿಸುತ್ತಿದ್ದ ವ್ಯಾಪಾರಿಗಳ ಹೊಟ್ಟೆಗೆ ಪೆಟ್ಟು. ತತ್ವ ಮತ್ತು ಲಾಭ ಒಂದೇ ದೋಣಿಯಲ್ಲಿ ಕೂತಿದ್ದವು. ಇತಿಹಾಸ ತತ್ವವನ್ನು ನೆನಪಿಟ್ಟುಕೊಂಡಿತು.

ಸ್ವಾತಂತ್ರ್ಯ ಬಂದ ಮೇಲೆ ಅಮೆರಿಕ ಸರ್ಕಾರವೇ ವಿಸ್ಕಿಯ ಮೇಲೆ ತೆರಿಗೆ ಹಾಕಿತು. 1794ರಲ್ಲಿ ಪೆನ್ಸಿಲ್ವೇನಿಯಾದ ಪಶ್ಚಿಮ ಭಾಗದ ರೈತರು ಅದರ ವಿರುದ್ಧ ಎದ್ದರು, ಬೋಸ್ಟನ್ನಿನ ಭಾಷೆಯಲ್ಲೇ ಮಾತಾಡಿದರು. ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಸುಮಾರು 13,000 ಜನರ ಪಡೆ ಕಟ್ಟಿಕೊಂಡು ತಾವೇ ಹೊರಟರು. ನಿಮಗೆ ಈಗ ಪ್ರತಿನಿಧಿಗಳಿದ್ದಾರೆ, ಕಾನೂನು ಬದಲಿಸಿ, ಆದರೆ ಅಲ್ಲಿಯವರೆಗೆ ಕಟ್ಟಿ ಎಂಬುದು ಆ ಸೇನೆಯ ಅರ್ಥ. ಆದರೂ ಮೂಲದ ಗುಂಗು ಹೋಗಲಿಲ್ಲ. 2009ರಲ್ಲಿ ಒಬಾಮಾ ಸರ್ಕಾರದ ಖರ್ಚಿನ ವಿರುದ್ಧ ಎದ್ದ ಬಲಪಂಥೀಯ ಚಳವಳಿ ತನ್ನನ್ನು ‘ಟೀ ಪಾರ್ಟಿ’ ಎಂದೇ ಕರೆದುಕೊಂಡಿತು. ಅವರಿಗೆ ಪ್ರತಿನಿಧಿಗಳೂ ಇದ್ದರು, ಮತವೂ ಇತ್ತು. ಇನ್ನೊಂದು ಕಡೆ ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯ ಜನಕ್ಕೆ ಸಂಸತ್ತಿನಲ್ಲಿ ಮತ ಹಾಕುವ ಪ್ರತಿನಿಧಿ ಇವತ್ತಿಗೂ ಇಲ್ಲ. ಹಳೇ ಘೋಷಣೆಯನ್ನು ಅವರು ಕಾರಿನ ನಂಬರ್ ಪ್ಲೇಟಿನಲ್ಲಿ ಹಾಕಿಕೊಂಡು ಓಡಾಡುತ್ತಾರೆ. ಒಂದೇ ಮೂಲಕಥೆ, ಎರಡು ವಾರಸುದಾರರು. ಯಾರು ಅಸಲಿ ಅಂತ ತಿಳಿಯಲು ಘೋಷಣೆ ಕೇಳಿದರೆ ಸಾಲದು, ಅವರ ಪರಿಸ್ಥಿತಿ ನೋಡಬೇಕು.

ನಿರಾಕರಣೆಗೆ ಬೆಲೆ ಇತ್ತು

ನಮ್ಮಲ್ಲೂ ಅಸಲಿ ಯಾವುದು ಅಂತ ತಿಳಿಯಲು ಉತ್ತರ ಕನ್ನಡಕ್ಕೆ ಹೋಗಬೇಕು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ. 1932ರಲ್ಲಿ ಅಂಕೋಲಾ, ಸಿದ್ದಾಪುರ ತಾಲೂಕುಗಳಲ್ಲಿ ಕರನಿರಾಕರಣೆ. ರೈತರು ಕಂದಾಯ ಕಟ್ಟುವುದಿಲ್ಲ ಎಂದು ಹೇಳಿಯೇ ಕಟ್ಟಲಿಲ್ಲ. ಸರ್ಕಾರ ಜಮೀನು, ಮನೆ, ಪಾತ್ರೆಪಗಡಗಳನ್ನು ಜಪ್ತಿ ಮಾಡಿ ಹರಾಜು ಹಾಕಿತು. ಸಿದ್ದಾಪುರದ ಮಾವಿನಗುಂಡಿಯಲ್ಲಿ ಹೆಂಗಸರು, ಜಪ್ತಿಯಾದ ಆಸ್ತಿ ಕೊಂಡವರ ಮನೆ ಮುಂದೆ ಉಪವಾಸ ಕೂತರು. ಕಳೆದುಕೊಂಡ ಜಮೀನು ಮರಳಿ ಸಿಗಲು 1937ರಲ್ಲಿ ಬಾಂಬೆ ಪ್ರಾಂತ್ಯದಲ್ಲಿ ಕಾಂಗ್ರೆಸ್ ಸರ್ಕಾರ ಬರಬೇಕಾಯಿತು.

ನನಗೆ ಇಲ್ಲೇ ಗೆರೆ ಸ್ಪಷ್ಟವಾಗಿ ಕಾಣುವುದು. ಕರನಿರಾಕರಣೆ ಬೇರೆ, ಕರ ತಪ್ಪಿಸುವುದು ಬೇರೆ. ನಿರಾಕರಿಸುವವನು ಎದುರು ಬಂದು, ಕಾರಣ ಹೇಳಿ, ಶಿಕ್ಷೆಗೆ ಕೈ ಚಾಚುತ್ತಾನೆ. ತಪ್ಪಿಸುವವನು ಕಾಣದ ಹಾಗೆ ಇರುತ್ತಾನೆ, ಅವನ ಪಾಲಿನ ಹೊರೆ ಪಕ್ಕದವನ ಮೇಲೆ ಬೀಳುತ್ತದೆ. ಮೊದಲನೆಯವನು ವ್ಯವಸ್ಥೆ ಬದಲಾಗಲಿ ಅನ್ನುತ್ತಾನೆ. ಎರಡನೆಯವನಿಗೆ ವ್ಯವಸ್ಥೆ ಹೀಗೇ ಇದ್ದರೆ ಒಳ್ಳೆಯದು.

ಮೊದಲನೆಯವರ ಪ್ರಶ್ನೆ ನಮ್ಮ ಸಂವಿಧಾನದ ಒಳಗೂ ಬಂದಿದೆ. ಕಾನೂನಿನ ಅಧಿಕಾರ ಇಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ, ವಸೂಲಿ ಮಾಡುವಂತಿಲ್ಲ ಎನ್ನುತ್ತದೆ 265ನೇ ವಿಧಿ. ಕಾನೂನು ಮಾಡುವವರು ನಾವು ಆರಿಸಿದವರು. ಅಂದರೆ ಬೆಳ್ಳಾರೆಯ ‘ಯಾರನ್ನು ಕೇಳಿ’ ಎಂಬ ಪ್ರಶ್ನೆಗೆ 1950ರಲ್ಲಿ ಕಾಗದದ ಮೇಲೆ ಉತ್ತರ ಸಿಕ್ಕಿತು. ಹಾಗೆಂದು ತೆರಿಗೆಗಳು ಹೋಗಲಿಲ್ಲ. ಗಾಂಧೀಜಿ ದಂಡಿಗೆ ನಡೆದ ಉಪ್ಪಿನ ಸುಂಕ 1947ರಲ್ಲಿ ರದ್ದಾಯಿತು, ಸ್ವತಂತ್ರ ಭಾರತದ ಸಂಸತ್ತೇ 1953ರಲ್ಲಿ ಉಪ್ಪಿನ ಮೇಲೆ ಸಣ್ಣದೊಂದು ಸೆಸ್ ಹಾಕಿತು. ಅದಕ್ಕೆ ಯಾರೂ ದಂಡಿಗೆ ನಡೆಯಲಿಲ್ಲ. ನಡೆಯಬೇಕಾಗಿಯೂ ಇರಲಿಲ್ಲ.

ನಮ್ಮ ಮನೆಯ ಅಡಿಕೆ

ಈಗ ಒಪ್ಪಿಕೊಳ್ಳಬೇಕಾದ ಮಾತು. ನಮ್ಮ ಕಡೆ ಜಮೀನಿನ ಕಂದಾಯಕ್ಕೆ ‘ತೀರ್ವೆ’ ಎನ್ನುತ್ತಾರೆ. ಅಪ್ಪ ತೀರ್ವೆ ರಶೀದಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಪಾಟಿನಲ್ಲಿ ಜೋಪಾನ ಮಾಡುತ್ತಾರೆ. ಒಂದು ವರ್ಷವೂ ಬಾಕಿ ಇಟ್ಟವರಲ್ಲ. ಯಾಕೆಂದರೆ ತೀರ್ವೆ ಕಟ್ಟುವುದು ಅವರಿಗೆ ಹೊರೆಯಲ್ಲ, ಈ ಜಾಗ ನಮ್ಮದು ಅನ್ನುವುದಕ್ಕೆ ಆಧಾರ. ಆ ರಶೀದಿಯಲ್ಲಿ ತನ್ನ ಹೆಸರಿದೆ ಎಂಬ ನೆಮ್ಮದಿ.

ಅದೇ ಅಪ್ಪ ಅಡಿಕೆ ಮಾರುವಾಗ ‘ಬಿಲ್ ಬೇಡ ಅಂದ್ರೆ ಕೆಜಿಗೆ ನಾಲ್ಕು ರೂಪಾಯಿ ಜಾಸ್ತಿ’ ಎನ್ನುವ ವ್ಯಾಪಾರಿಗೆ ಕೊಟ್ಟದ್ದೂ ಉಂಟು. ಆಗ ವ್ಯಾಟ್, ಈಗ ಜಿಎಸ್‌ಟಿ. ತನ್ನ ಬೆಳೆ ಮಾರುವ ರೈತ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ, ತಪ್ಪಿಸಿದ್ದು ವ್ಯಾಪಾರಿ ಅಂತ ವಾದ ಮಾಡಬಹುದು. ಆದರೆ ಆ ನಾಲ್ಕು ರೂಪಾಯಿ ಎಲ್ಲಿಂದ ಬಂತು ಅಂತ ಇಬ್ಬರಿಗೂ ಗೊತ್ತಿತ್ತು. ನನ್ನ ಎಂಜಿನಿಯರಿಂಗ್ ಓದಿನ ಹಾಸ್ಟೆಲ್ ಖರ್ಚಿನ ಒಂದು ಭಾಗ ಹಾಗೆ ಬಿಲ್ಲಿಲ್ಲದೆ ಹೋದ ಅಡಿಕೆಯದ್ದು. ಓದಿದ್ದು ಮಾತ್ರ ಸಿಇಟಿ ಸೀಟಿನಲ್ಲಿ, ಸರ್ಕಾರಿ ಕಾಲೇಜಿನಲ್ಲಿ. ನಾನು ಕಟ್ಟಿದ ಫೀಸಿನಿಂದ ಅಲ್ಲಿನ ಲ್ಯಾಬಿನ ಕರೆಂಟ್ ಬಿಲ್ಲೂ ಹುಟ್ಟುತ್ತಿರಲಿಲ್ಲ. ಉಳಿದದ್ದು ಯಾರದ್ದೋ ತೆರಿಗೆ. ಬಿಲ್ ಹಾಕಿ ಮಾರಿದವನ, ಬಿಲ್ ಕೇಳಿ ಕೊಂಡವನ ದುಡ್ಡು.

ಇದನ್ನು ಅಪ್ಪನ ಹತ್ತಿರ ಈ ಸಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ತೀರ್ವೆ ಕಟ್ಟಿದ್ರೆ ರಶೀದಿಯಲ್ಲಿ ನನ್ನ ಹೆಸರು ಬರ್ತದೆ. ಮೈಲುತುತ್ತಿಗೆ, ಪಂಪಿಗೆ ಅಂತ ವರ್ಷವಿಡೀ ಜಿಎಸ್‌ಟಿ ಕೊಡ್ತೇನಲ್ಲ, ಅದ್ರಲ್ಲಿ ನನ್ನ ಹೆಸರು ಎಲ್ಲುಂಟು?’

ಅಪ್ಪನ ಮಾತು ತಪ್ಪಿಸುವುದಕ್ಕೆ ಸಮರ್ಥನೆ ಅಲ್ಲ. ಆದರೆ ರೋಗ ಎಲ್ಲಿದೆ ಅಂತ ತೋರಿಸುತ್ತದೆ. ಈ ದೇಶದಲ್ಲಿ ‘ತೆರಿಗೆದಾರ’ ಅಂದರೆ ಆದಾಯ ತೆರಿಗೆ ಕಟ್ಟುವ ಸಂಬಳದವನು ಎಂದಾಗಿದೆ. ಸಾಬೂನು, ಎಣ್ಣೆ, ಗೊಬ್ಬರ, ಮೊಬೈಲ್ ರೀಚಾರ್ಜಿನಲ್ಲಿ ದಿನವೂ ತೆರಿಗೆ ಕೊಡುವ ಕೂಲಿಯವಳಿಗೆ ಆ ಹೆಸರಿಲ್ಲ. ‘ನಮ್ಮ ಟ್ಯಾಕ್ಸ್ ದುಡ್ಡಲ್ಲಿ ಇವರಿಗೆ ಬಿಟ್ಟಿ ಭಾಗ್ಯ’ ಎಂದು ಟ್ವೀಟ್ ಮಾಡುವ ನನ್ನ ಬ್ಯಾಚ್‌ಮೇಟ್‌ಗಳಿಗೆ ಇದು ಹೊಳೆಯುವುದೇ ಇಲ್ಲ.

ಡೇಟಾಕ್ಕೆ ಕಿವಿ ಇಲ್ಲ

ಈಗ ಅಂಗಡಿಯ ಅಣ್ಣ ಹೇಳಿದ್ದರಲ್ಲಿ ಸರಿ ಇರುವ ಅರ್ಧಕ್ಕೆ ಬರೋಣ. ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಇದು ಕಾನೂನು, ಇದರಲ್ಲಿ ತಕರಾರಿಲ್ಲ. ಒಂದೂವರೆ ಕೋಟಿವರೆಗಿನ ಸಣ್ಣ ವ್ಯಾಪಾರಿಗಳಿಗೆ ಶೇಕಡಾ 1ರ ಕಾಂಪೊಸಿಷನ್ ಸ್ಕೀಮ್ ಕೂಡ ಉಂಟು. ಅದನ್ನು ಅವರಿಗೆ ಮೊದಲೇ ಹೋಗಿ ಹೇಳಿದವರು ಯಾರು?

ಎಂಜಿನಿಯರಿಂಗ್ ಓದಿದವನಾಗಿ ನನಗೆ ಕಾಣುವುದು ಇಷ್ಟು. ಖಾತೆಗೆ ಬಂದ ಹಣ ಮತ್ತು ವಹಿವಾಟು ಒಂದೇ ಅಲ್ಲ. ಅದರಲ್ಲಿ ಕೈಸಾಲ ಇರುತ್ತದೆ, ಮಗಳು ಕಳಿಸಿದ ದುಡ್ಡಿರುತ್ತದೆ, ತೆರಿಗೆಯೇ ಇಲ್ಲದ ಹಾಲು, ತರಕಾರಿಯ ಮಾರಾಟ ಇರುತ್ತದೆ. ಕಚ್ಚಾ ಡೇಟಾಕ್ಕೆ ಒಂದು ಗೆರೆ ಹಾಕಿ, ಮೇಲಿದ್ದವರಿಗೆಲ್ಲ ನೋಟಿಸ್ ಕೊಟ್ಟರೆ ತಪ್ಪು ಲೆಕ್ಕ ಬರುವುದು ಖಂಡಿತ. ಹಾವೇರಿಯಲ್ಲಿ ತರಕಾರಿ ಮಾರುವ ಒಬ್ಬರಿಗೆ ಸುಮಾರು 29 ಲಕ್ಷ ರೂಪಾಯಿಯ ನೋಟಿಸ್ ಹೋದ ಸುದ್ದಿ ಎಲ್ಲರೂ ಓದಿದ್ದೇವೆ. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ‘ನೋ ಯುಪಿಐ, ಓನ್ಲಿ ಕ್ಯಾಶ್’ ಬೋರ್ಡುಗಳು ಎದ್ದದ್ದು ಆಗಲೇ. ಜುಲೈ 25ಕ್ಕೆ ಬಂದ್ ಎಂದರು. 23ರಂದು ಮುಖ್ಯಮಂತ್ರಿ ಸಭೆ ಕರೆದು, ಹಳೇ ಬಾಕಿ ಕೇಳುವುದಿಲ್ಲ, ಆದರೆ ನೋಂದಣಿ ಮಾಡಿಸಿ ಎಂದ ಮೇಲೆ ಬಂದ್ ನಿಂತಿತು.

1837ರಲ್ಲಿ ಬೆಳೆಯಿಂದ ನಗದಿಗೆ ದೂಡಿದರು, ಜನ ಖಜಾನೆಗೆ ನುಗ್ಗಿದರು. ಈಗ ನಗದಿನಿಂದ ಡಿಜಿಟಲ್‌ಗೆ ಬನ್ನಿ ಎಂದು ಕರೆದರು, ಜನ ಬಂದರು. ಬಂದವರ ಕೈಗೆ ನೋಟಿಸ್ ಕೊಟ್ಟರು, ಜನ ನಗದಿಗೆ ವಾಪಸ್ ಹೋದರು. ರೂಪ ಬದಲಾದಾಗ ಅದರ ಅಪಾಯ ಯಾರ ಹೆಗಲಿಗೆ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ಕಾನೂನು ಮಾಡುವಾಗ ಪ್ರತಿನಿಧಿ ಇರುತ್ತಾನೆ. ನೋಟಿಸ್ ಬರುವಾಗ ಆಲ್ಗರಿದಂ ಮಾತ್ರ ಇರುತ್ತದೆ.

ಇದೇ ಸರ್ಕಾರದ ಮಂತ್ರಿಗಳು 2024ರ ಫೆಬ್ರವರಿ 7ರಂದು ದೆಹಲಿಯ ಜಂತರ್ ಮಂತರ್‌ನಲ್ಲಿ ‘ನನ್ನ ತೆರಿಗೆ ನನ್ನ ಹಕ್ಕು’ ಎಂದು ಧರಣಿ ಕೂತಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇಕಡಾ 4.713 ಇದ್ದದ್ದು 15ನೆಯದರಲ್ಲಿ 3.647ಕ್ಕೆ ಇಳಿಯಿತು. ಸೆಸ್, ಸರ್‌ಚಾರ್ಜ್ ಅಂತ ವಸೂಲಾದದ್ದು ಹಂಚಿಕೆಗೇ ಬರುವುದಿಲ್ಲ. ಇದನ್ನು ಕೇಳಲೇಬೇಕು. ಆದರೆ ‘ನನ್ನ ತೆರಿಗೆ’ ಎಂಬ ಮಾತು ಎಲ್ಲಿಗೆ ನಿಲ್ಲುತ್ತದೆ? ಬಿಹಾರಕ್ಕೆ ಯಾಕೆ ಕೊಡಬೇಕು ಎಂದು ಕರ್ನಾಟಕ ಕೇಳಿದರೆ, ಕಡಬಕ್ಕೆ ಯಾಕೆ ಕೊಡಬೇಕು ಎಂದು ನಾಳೆ ವೈಟ್‌ಫೀಲ್ಡ್ ಕೇಳಬಹುದು. ಆಗ ನಮ್ಮೂರಿನ ಶಾಲೆಗೆ, ಕಲಬುರಗಿಯ ಆಸ್ಪತ್ರೆಗೆ ಉತ್ತರ ಇರುವುದಿಲ್ಲ. ನಾನು ಕೇಳಬಹುದಾದ ಹಕ್ಕು ನನ್ನ ದುಡ್ಡು ನನಗೇ ವಾಪಸ್ ಬರಬೇಕು ಎಂಬುದಲ್ಲ. ಲೆಕ್ಕ ಹೇಳು, ಕಾರಣ ಹೇಳು, ತೀರ್ಮಾನಕ್ಕೆ ಮೊದಲು ನನ್ನನ್ನು ಕೇಳು ಎಂಬುದು. ದೆಹಲಿಯಲ್ಲಿ ಬೆಂಗಳೂರು ಕೇಳುವ ಈ ಹಕ್ಕನ್ನು ಬೆಂಗಳೂರಿನಲ್ಲಿ ಬೇಕರಿಯವನೂ ಕೇಳಬಹುದು.

2022ರ ನವೆಂಬರಿನಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ಅನಾವರಣವಾಯಿತು. ತಡವಾಗಿಯಾದರೂ ಒಳ್ಳೆಯದೇ ಆಯಿತು. ದೇಶಭಕ್ತಿ, ಶೌರ್ಯ, ಸಮುದಾಯದ ಹೆಮ್ಮೆ ಎಲ್ಲ ಮಾತೂ ಕೇಳಿದ್ದೇವೆ. ಅವರು ಖಜಾನೆಗೆ ಯಾಕೆ ಹೋದರು ಎಂಬ ಮಾತು ಮಾತ್ರ ಕಡಿಮೆ. ಪ್ರತಿಮೆಗೆ ಹಾರ ಹಾಕುವುದು ಸುಲಭ. ಅವರ ಪ್ರಶ್ನೆಯನ್ನು ತೆರಿಗೆ ಕಚೇರಿಯ ಬಾಗಿಲಲ್ಲಿ ಕೇಳಿಸಿಕೊಳ್ಳುವುದು ಕಷ್ಟ. ಬಿಲ್ಲಿಲ್ಲದೆ ಅಡಿಕೆ ಕೊಟ್ಟು ಅದೇ ಹಾರದ ಹಿಂದೆ ನಿಲ್ಲುವ ನಮಗೂ ಕಷ್ಟ.

ಬೆಂಗಳೂರಿಗೆ ಹೊರಡುವ ದಿನ ಮತ್ತೆ ಅಂಗಡಿಗೆ ಹೋಗಿದ್ದೆ. ‘ಅಣ್ಣ, ನಿಮ್ಮ ವ್ಯಾಪಾರ 40 ಲಕ್ಷದ ಹತ್ತಿರವೂ ಬರುದಿಲ್ಲ, ಸ್ಕ್ಯಾನರ್ ಹೊರಗೆ ಇಡಿ’ ಅಂದೆ. ಕಾಟಕಾಯಿಯ ವಿಷಯವನ್ನೂ, ಅಂಕೋಲೆಯವರು ಹೇಳಿಯೇ ಕಟ್ಟದಿದ್ದ ಕಥೆಯನ್ನೂ ಹೇಳಿದೆ. ಅವರು ಎಲ್ಲ ಕೇಳಿ, ಕೊನೆಗೆ ಒಂದೇ ಮಾತು ಕೇಳಿದರು.

‘ಸರಿ ಮಾರಾಯ. ಒಂದು ವೇಳೆ ನೋಟಿಸ್ ಬಂದ್ರೆ ಯಾರ ಹತ್ರ ಹೋಗಿ ಕೇಳುದು?’

ನಾನು ಮೊಬೈಲ್ ತೆಗೆದು ಇಲಾಖೆಯ ಸಹಾಯವಾಣಿ ನಂಬರ್ ಹುಡುಕಿದೆ. ಮಳೆಗೆ ನೆಟ್‌ವರ್ಕ್ ಇರಲಿಲ್ಲ.